ನಿನ್ನೆಯ ಲೆಕ್ಕ ರಾತ್ರೋರಾತ್ರಿ ಬೆಳೆದಾಗ

ಬೆಳಗ್ಗೆ ಆರೂಕಾಲಿಗೆ ಫೋನ್ ಬಂತು. ಆ ಕಡೆ ಕೆ.ಆರ್. ಮಾರ್ಕೆಟ್‌ನ ಹೂವಿನ ವ್ಯಾಪಾರಿ. "ಸರ್, ರಾತ್ರಿ ಲೆಕ್ಕ ನೋಡಿ ಮಲಗಿದ್ದೆ. ಈಗ ನೋಡಿದ್ರೆ ನಿನ್ನೆ ವ್ಯಾಪಾರ ಜಾಸ್ತಿ ಆಗಿದೆ. ಇವತ್ತಿಂದು ನಾಲ್ಕೇ ಬಿಲ್ ತೋರಿಸ್ತಿದೆ!"

ಸಗಟು ವ್ಯಾಪಾರಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮದು. ಆರು ಜನರ ತಂಡಕ್ಕೆ ನಾನು ಲೀಡ್. ಹಿಂದಿನ ದಿನವಷ್ಟೇ ಹೊಸ ಸರ್ವರ್‌ಗೆ ಹೋಗಿದ್ದೆವು. ಹಳೇ ಸರ್ವರ್‌ನ ಗಡಿಯಾರ ಭಾರತದ ಸಮಯದಲ್ಲಿತ್ತು, ಹೊಸದು ಯುಟಿಸಿಯಲ್ಲಿ, ಅಂದರೆ ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯದಲ್ಲಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ ಬೆಳಗಿನ 5:30 ಆಗುವವರೆಗೂ ಸರ್ವರ್ ಪಾಲಿಗೆ ಇನ್ನೂ ನಿನ್ನೆಯೇ. ಹೂವಿನ ವ್ಯಾಪಾರ ಜೋರಾಗಿ ನಡೆಯೋದೇ ಆ ಹೊತ್ತಲ್ಲಿ.

ಟೆಸ್ಟಿಂಗ್‌ನಲ್ಲಿ ಯಾಕೆ ಸಿಗಲಿಲ್ಲ? ನಾವು ಬಿಲ್ ಹಾಕಿ ನೋಡಿದ್ದೆಲ್ಲ ಬೆಳಗ್ಗೆ ಹತ್ತರಿಂದ ಸಂಜೆ ಏಳರೊಳಗೆ. ಆಗ ಎರಡೂ ಕಡೆ ತಾರೀಕು ಒಂದೇ ಅಲ್ವಾ.

ಸರಿಪಡಿಸೋದು ಕಷ್ಟವಾಗಲಿಲ್ಲ. ಡೇಟಾಬೇಸ್‌ನಲ್ಲಿ ಸಮಯ ಯುಟಿಸಿಯಲ್ಲೇ ಇತ್ತು. 'ಇವತ್ತು' ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅನ್ನೋದನ್ನು ಮಾತ್ರ ಸರ್ವರ್‌ಗೆ ಬಿಡದೆ 'ಏಷ್ಯಾ/ಕೋಲ್ಕತಾ' ಟೈಮ್ ಜೋನ್ ಹಿಡಿದು ಲೆಕ್ಕ ಹಾಕಿದೆವು. ರಾತ್ರಿ ಎರಡು ಗಂಟೆಯ ಬಿಲ್‌ಗೆ ಒಂದು ಟೆಸ್ಟ್, ಏಪ್ರಿಲ್ 1ರ ನಸುಕಿನ ಬಿಲ್‌ಗೆ ಇನ್ನೊಂದು. ಅದು ತಪ್ಪಿದರೆ ಹಣಕಾಸು ವರ್ಷವೇ ಬದಲಾಗಿಬಿಡುತ್ತದೆ. ಮಧ್ಯಾಹ್ನದ ಊಟದೊಳಗೆ ಎಲ್ಲ ಮುಗಿಯಿತು.

ಸಂಜೆ ಸರ್ವರ್ ಬದಲಾವಣೆಯ ಪುಲ್ ರಿಕ್ವೆಸ್ಟ್, ಅಂದರೆ ಹೊಸ ಕೋಡ್ ಸೇರಿಸುವ ಮುಂಚೆ ಬೇರೆಯವರು ನೋಡಿ ಒಪ್ಪಲೆಂದು ಕಳಿಸುವ ಕೋರಿಕೆ, ತೆಗೆದು ನೋಡಿದೆ. 1,400 ಸಾಲು. ನಾನೇ ಹತ್ತು ನಿಮಿಷದಲ್ಲಿ ಅಪ್ರೂವ್ ಮಾಡಿದ್ದೆ. ಮಧ್ಯದಲ್ಲೆಲ್ಲೋ, ತಂಡಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿಯ ಕಾಮೆಂಟ್: "ಇಲ್ಲಿ ದಿನ ಅಂದ್ರೆ ಯಾವ ಟೈಮ್ ಜೋನ್‌ದು?" ಕೆಳಗೆ ನನ್ನ ಉತ್ತರ: "ಅದು ಸರ್ವರ್ ನೋಡ್ಕೊಳ್ಳುತ್ತೆ." ಪ್ರಶ್ನೆ ಮುಗಿಯಿತು ಅಂತ 'ರಿಸಾಲ್ವ್' ಬಟನ್ ಒತ್ತಿ ಆ ಚರ್ಚೆಯ ಥ್ರೆಡ್ ಮುಚ್ಚಿದ್ದೂ ನಾನೇ.

ಮರುದಿನ ಕಾಫಿ ಕುಡಿಯುವಾಗ ಕೇಳಿದೆ, "ಇನ್ನೊಂದು ಸಲ ಯಾಕೆ ಕೇಳಲಿಲ್ಲ?"

"ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ ಸರ್."

ನಮ್ಮ ಆಫೀಸಿನಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯೋದು. ಆಕೆಯೊಬ್ಬಳು ಸರ್ ಅನ್ನುತ್ತಿದ್ದಳು. ನಾನೂ ಸುಮ್ನೆ ಇದ್ದೆ. ಬೇಡ ಅಂದಿರಲಿಲ್ಲ.

ಆಮೇಲೆ ಎರಡು ನಿಯಮ ತಂದೆ. ಒಂದು, ಪುಲ್ ರಿಕ್ವೆಸ್ಟ್ 300 ಸಾಲು ದಾಟಬಾರದು. ಇದು ಮೊದಲ ತಿಂಗಳು ಪೂರ್ತಿ ಎಡವಟ್ಟಾಯಿತು. ಕಬ್ಬು ಕಡಿದ ಹಾಗೆ ಕೋಡನ್ನು ಅಳತೆಗೆ ಕಡಿದು ಕಳಿಸತೊಡಗಿದರು. ಐದು ತುಂಡು, ಯಾವುದೂ ತಾನಾಗಿ ಓಡುತ್ತಿರಲಿಲ್ಲ. ಸಾಲಿನ ಲೆಕ್ಕ ಬಿಟ್ಟು "ಒಂದು ಪುಲ್ ರಿಕ್ವೆಸ್ಟ್, ಒಂದೇ ಬದಲಾವಣೆ" ಅಂದ ಮೇಲೆ ಸರಿಹೋಯಿತು.

ಇನ್ನೊಂದು, ಪ್ರಶ್ನೆ ಕೇಳಿದವರೇ ಥ್ರೆಡ್ ಮುಚ್ಚಬೇಕು. ಮುಚ್ಚದೆ ಮರ್ಜ್ ಇಲ್ಲ, ಅಂದರೆ ಆ ಬದಲಾವಣೆ ಮುಖ್ಯ ಕೋಡಿಗೆ ಸೇರುವ ಹಾಗಿಲ್ಲ. ಬೇರೆಯವರಿಗಿಂತ ಜಾಸ್ತಿ ಕಷ್ಟವಾಗಿದ್ದು ನನಗೇ. ಕೈ ಅಭ್ಯಾಸಬಲದಿಂದ ಆ ಬಟನ್ ಕಡೆಗೇ ಹೋಗುತ್ತಿತ್ತು.

ಕಳೆದ ತಿಂಗಳು ಅದೇ ಹುಡುಗಿ ಬಿಲ್‌ನ ಪೈಸೆ ರೌಂಡ್ ಮಾಡೋದರ ಬಗ್ಗೆ ಒಂದು ಪ್ರಶ್ನೆ ಎತ್ತಿದಳು. ರಿಲೀಸ್ ದಿನ, ಅದೂ ಸಂಜೆ. ಎರಡು ಗಂಟೆ ಕೂತು ಹುಡುಕಿದೆವು. ಏನೂ ತಪ್ಪಿರಲಿಲ್ಲ. "ಸರಿ ಇದೆ" ಅಂತ ಬರೆದು ಆಕೆಯೇ ಥ್ರೆಡ್ ಮುಚ್ಚಿದಳು. ಆಮೇಲೆ ಮರ್ಜ್ ಒತ್ತಿದೆ.