ಲೇಸರ್ ವೆಲ್ಡಿಂಗ್ ಸಿಮ್ಯುಲೇಶನ್: ಶಾಖದ ಜೊತೆ ಹರಿವನ್ನೂ ಲೆಕ್ಕಕ್ಕೆ ಹಿಡಿಯುವುದು

ಬೆಳಗಾವಿಯ ಉದ್ಯಮಬಾಗ್‌ನ ಯಾವುದೋ ಶೆಡ್ಡಿನಲ್ಲಿ 304 ಸ್ಟೇನ್‌ಲೆಸ್ ಶೀಟಿನ ಮೇಲೆ ಲೇಸರಿನಿಂದ ಹೊಡೆಸಿದ ಬೀಡನ್ನು (ವೆಲ್ಡಿನ ಗೆರೆ) ಎಂ.ಟೆಕ್ ಪ್ರಾಜೆಕ್ಟಿಗೆ ಸಿಮ್ಯುಲೇಟ್ ಮಾಡುವಾಗ ಒಂದು ಅಡ್ಡದಾರಿ ಕಾಣುತ್ತದೆ. ಬರೀ ಕಂಡಕ್ಷನ್ (ಲೋಹದ ಮೂಲಕ ಶಾಖ ಹಬ್ಬುವುದು) ಲೆಕ್ಕ ಹಾಕುವುದು, ಬೀಡಿನ ಅಗಲ ಹೊಂದುವವರೆಗೆ ಅಬ್ಸಾರ್ಪ್ಟಿವಿಟಿ (ಲೇಸರ್ ಶಕ್ತಿಯಲ್ಲಿ ಲೋಹ ಹೀರುವ ಪಾಲು) ತಿರುಚುವುದು. ಅಗಲ ಕೂಡುತ್ತದೆ, ಆಳ ಕೂಡುವುದಿಲ್ಲ. ತಪ್ಪು ಶಾಖದಲ್ಲಿಲ್ಲ, ಕರಗಿದ ಲೋಹದ ಹರಿವನ್ನು ಬಿಟ್ಟುಬಿಟ್ಟಿದ್ದರಲ್ಲಿದೆ.

2 ಮಿ.ಮೀ. ಶೀಟು, 400 ವ್ಯಾಟ್ ಫೈಬರ್ ಲೇಸರ್, 0.5 ಮಿ.ಮೀ. ಸ್ಪಾಟ್ ತ್ರಿಜ್ಯ, ಸೆಕೆಂಡಿಗೆ 10 ಮಿ.ಮೀ. ವೇಗ ಎಂದುಕೊಳ್ಳಿ. ಅಬ್ಸಾರ್ಪ್ಟಿವಿಟಿ 0.3 ಇಟ್ಟರೆ ಒಳಹೋಗುವುದು 120 ವ್ಯಾಟ್. ಗಾಸಿಯನ್ (ನಡುವೆ ಹೆಚ್ಚು, ಅಂಚಿಗೆ ಹೋದಂತೆ ಕಡಿಮೆಯಾಗುವ) ಮೂಲದ ನಡುವಿನ ಫ್ಲಕ್ಸ್ = 2 × 120 ÷ (3.14 × ತ್ರಿಜ್ಯದ ವರ್ಗ), ಅಂದರೆ ಚದರ ಮೀಟರಿಗೆ ಸುಮಾರು 30 ಕೋಟಿ ವ್ಯಾಟ್ (ಚದರ ಸೆಂ.ಮೀ.ಗೆ 30 ಸಾವಿರ). ಇದು ಕಂಡಕ್ಷನ್ ಮೋಡ್. ಚದರ ಸೆಂ.ಮೀ.ಗೆ 10 ಲಕ್ಷ ವ್ಯಾಟ್ ಆಸುಪಾಸಿಗೆ ಹೋದರೆ ಕೀಹೋಲ್ (ಲೋಹ ಆವಿಯಾಗಿ ಆಗುವ ಆಳದ ತೂತು) ತೆರೆಯುತ್ತದೆ, ಆಗ ಈ ಮಾಡೆಲ್ ಸಾಲದು.

ಸೀಮು ಸಮಮಿತವಾಗಿರುವುದರಿಂದ ಅರ್ಧ ಶೀಟು ಸಾಕು. ಪೂಲ್ (ಕರಗಿದ ಲೋಹ) ಇರುವ ಜಾಗದಲ್ಲಿ ಮೆಶ್ (ಲೆಕ್ಕಕ್ಕೆ ಕಟ್ಟುವ ಸೆಲ್ಲುಗಳ ಬಲೆ) 50 ಮೈಕ್ರಾನ್ ಇರಲಿ, ದೂರ ಹೋದಂತೆ ದೊಡ್ಡದಾಗಲಿ. ಸಾಲಿಡಸ್ (ಕರಗಲು ಶುರುವಾಗುವ ತಾಪಮಾನ) 1673, ಲಿಕ್ವಿಡಸ್ (ಪೂರ್ತಿ ಕರಗುವ ತಾಪಮಾನ) 1723 ಕೆಲ್ವಿನ್, ಸುಪ್ತಶಾಖ ಕೆ.ಜಿ.ಗೆ ಸುಮಾರು 2.6 ಲಕ್ಷ ಜೂಲ್. ದ್ರವದ ಸ್ನಿಗ್ಧತೆ 0.006 ಪಾಸ್ಕಲ್-ಸೆಕೆಂಡ್. ವಿಕಿರಣದ ನಷ್ಟ ಹಾಕಿ, ಆದರೆ ಅದರ ಮೇಲೆ ದಿನಗಟ್ಟಲೆ ಕೂರಬೇಡಿ: 2000 ಕೆಲ್ವಿನ್‌ನಲ್ಲೂ ಅದು ಲೇಸರ್ ಫ್ಲಕ್ಸಿನ ಸಾವಿರದಲ್ಲೊಂದು ಪಾಲಿನಷ್ಟೇ. ಶುರುವಿನ ತಾಪಮಾನವೂ ಹಾಗೇ. ಬೆಳಗಾವಿ ಚಳಿಗೂ ವಿಜಯಪುರದ ಬೇಸಿಗೆಗೂ ಇರುವ ಅಂತರ ಪೂಲಿಗೆ ಲೆಕ್ಕಕ್ಕೇ ಇಲ್ಲ.

ಘನ-ದ್ರವ ಗಡಿಗೆ ಎಂಥಾಲ್ಪಿ-ಪೊರಾಸಿಟಿ ವಿಧಾನ ಬಳಸಿ: ಸೆಲ್ಲು ಘನವಾದಂತೆ ಅಲ್ಲಿನ ಹರಿವಿಗೆ ತಡೆಬಲ ಹೆಚ್ಚಿಸುವುದು. ಓಪನ್‌ಫೋಮ್, ಫ್ಲುಯೆಂಟ್ ಸಾಫ್ಟ್‌ವೇರ್ ಎರಡರಲ್ಲೂ ಇದೆ. ಮಷಿ (ಅರೆಕರಗಿದ) ಸ್ಥಿರಾಂಕ, ಅಂದರೆ ಆ ತಡೆಬಲದ ಗಾತ್ರ, ತೀರಾ ಕಡಿಮೆಯಾದರೆ ಘನ ಲೋಹವೇ ತೆವಳುತ್ತದೆ. ತೀರಾ ಹೆಚ್ಚಾದರೆ ಸಾಲ್ವರ್ ಕುಂಟುತ್ತದೆ. 1 ಲಕ್ಷದಿಂದ 1 ಕೋಟಿಯವರೆಗೆ ಬದಲಿಸಿ ಪೂಲಿನ ಆಕಾರ ಎಲ್ಲಿ ನಿಲ್ಲುತ್ತದೆ ನೋಡಿ. ಲೇಸರ್ ನಿಂತು ಶೀಟು ಸರಿಯುವಂತೆ ಬರೆದಿದ್ದರೆ ತಡೆಬಲ ವೇಗದ ಮೇಲಲ್ಲ, ವೇಗದಿಂದ ಶೀಟಿನ ವೇಗ ಕಳೆದುದರ ಮೇಲೆ ಬೀಳಬೇಕು. ಇದನ್ನು ಮರೆತರೆ ಶೀಟೇ ಕಚ್ಚಿಕೊಂಡು ನಿಲ್ಲುತ್ತದೆ.

ಇನ್ನು ಮುಖ್ಯ ಮಾತು, ಮರಂಗೋನಿ. ಪೂಲಿನ ಮೇಲ್ಮೈಯಲ್ಲಿ ತಾಪಮಾನ ಬದಲಾದಂತೆ ಮೇಲ್ಮೈ ಸೆಳೆತವೂ ಬದಲಾಗಿ ದ್ರವವನ್ನು ಎಳೆಯುತ್ತದೆ. ವೇಗ ಸೆಕೆಂಡಿಗೆ 0.3 ಮೀಟರ್ ಎಂದು ಹಿಡಿದರೂ ಪೆಕ್ಲೆಟ್ ಸಂಖ್ಯೆ (ಹರಿವು ಸಾಗಿಸುವ ಶಾಖಕ್ಕೂ ಕಂಡಕ್ಷನ್ ಸಾಗಿಸುವುದಕ್ಕೂ ಇರುವ ಅನುಪಾತ) 25-30 ಆಗುತ್ತದೆ. ಶಾಖ ಸಾಗಿಸುವುದು ಹರಿವೇ. ಶುದ್ಧ ಕಬ್ಬಿಣಕ್ಕೆ ಮರಂಗೋನಿ ಗುಣಾಂಕ (ತಾಪಮಾನ ಏರಿದಂತೆ ಸೆಳೆತ ಬದಲಾಗುವ ಪ್ರಮಾಣ) ಕೆಲ್ವಿನ್ನಿಗೆ −0.00043 ನ್ಯೂಟನ್/ಮೀಟರ್: ದ್ರವ ನಡುವಿನಿಂದ ಅಂಚಿಗೆ ಓಡಿ ಪೂಲು ಅಗಲ, ತೆಳು. ಸಲ್ಫರ್ ಸಾಕಷ್ಟಿದ್ದರೆ ಚಿಹ್ನೆ ತಿರುಗಿ ಅಂಚಿನಿಂದ ನಡುವಿಗೆ ಬಂದು ಕೆಳಗಿಳಿಯುತ್ತದೆ: ಪೂಲು ಕಿರಿದು, ಆಳ. 304ರಲ್ಲಿ ಸಲ್ಫರ್ ಮಿತಿ 0.030 ಶೇಕಡ, ಅದರೊಳಗೇ ಎರಡೂ ಬಗೆಯ ಶೀಟುಗಳಿವೆ. ಹಾಗಾಗಿ ಮೆಶ್ ಕಟ್ಟುವ ಮೊದಲು ಶೀಟಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ತರಿಸಿಕೊಳ್ಳಿ. ಮೇಲ್ಮೈಯ ಈ ಮರಂಗೋನಿ ಎಳೆತವನ್ನು ದ್ರವಾಂಶದಿಂದ (ಸೆಲ್ಲಿನಲ್ಲಿ ಕರಗಿರುವ ಪಾಲು) ಗುಣಿಸುವುದನ್ನೂ ಬಿಡಬೇಡಿ.

ಟೈಮ್ ಸ್ಟೆಪ್: ಕೊರಾಂಟ್ ಸಂಖ್ಯೆ (ಒಂದು ಸ್ಟೆಪ್ಪಿನಲ್ಲಿ ಹರಿವು ಸೆಲ್ಲಿನ ಎಷ್ಟು ಪಾಲು ದಾಟುತ್ತದೆ ಎಂಬುದು) 0.3, ವೇಗ ಸೆಕೆಂಡಿಗೆ 0.5 ಮೀಟರ್ ಆದರೆ 30 ಮೈಕ್ರೋಸೆಕೆಂಡ್. ಅರ್ಧ ಸೆಕೆಂಡಿನ ವೆಲ್ಡಿಗೆ ಸುಮಾರು 17,000 ಸ್ಟೆಪ್. ಒಂದೊಂದು ಸ್ಟೆಪ್ಪಿನಲ್ಲೂ ದ್ರವಾಂಶ ನಿಲ್ಲುವವರೆಗೆ ಶಾಖದ ಸಮೀಕರಣ ಮತ್ತೆ ಮತ್ತೆ ಬಿಡಿಸಬೇಕು. ಇಲ್ಲದಿದ್ದರೆ ಸೆಲ್ಲು 50 ಕೆಲ್ವಿನ್ ಮಷಿ ಪಟ್ಟಿಯನ್ನು ಒಂದೇ ನೆಗೆತಕ್ಕೆ ದಾಟಿ ಸುಪ್ತಶಾಖ ಮಾಯವಾಗುತ್ತದೆ. 500 ಸ್ಟೆಪ್ಪಿಗೊಮ್ಮೆ ಫೈಲ್ ಬರೆಸಿ, ರಾತ್ರಿ ಕರೆಂಟ್ ಹೋದರೆ ಅಲ್ಲಿಂದಲೇ ಶುರು ಮಾಡಬಹುದು. ಮೇಲ್ಮೈ 3000 ಕೆಲ್ವಿನ್ ದಾಟಿದರೆ ರನ್ ನಿಲ್ಲಿಸಿ. ಆವಿಯಾಗುವಿಕೆ ಸೇರಿಸದ ಫಲಿತಾಂಶ ನಂಬುವಂಥದ್ದಲ್ಲ.

ಹೋಲಿಕೆಗೆ ಬೀಡನ್ನು ಅಡ್ಡ ಕತ್ತರಿಸಿ, 1 ಮೈಕ್ರಾನ್ ಡೈಮಂಡ್ ಪೇಸ್ಟಿನವರೆಗೆ ಪಾಲಿಶ್ ಮಾಡಿ, 10 ಶೇಕಡ ಆಕ್ಸಾಲಿಕ್ ಆಸಿಡ್‌ನಲ್ಲಿ ಕರೆಂಟ್ ಹಾಯಿಸಿ ಎಚ್ ಮಾಡಿ (ಕರಗಿದ ಗಡಿ ಕಾಣುವಂತೆ ಮೇಲ್ಮೈ ಕೊರೆಸುವುದು). ಅಗಲ, ಆಳ ಎರಡೂ ಒಂದೇ ಕಡೆಗೆ ತಪ್ಪಿದ್ದರೆ ಅಬ್ಸಾರ್ಪ್ಟಿವಿಟಿ ಮುಟ್ಟಿ. ಒಂದು ಹೆಚ್ಚು, ಇನ್ನೊಂದು ಕಡಿಮೆ ಬಂದರೆ ಅದನ್ನು ಮುಟ್ಟಬೇಡಿ, ಮರಂಗೋನಿ ಗುಣಾಂಕಕ್ಕೆ ಹೋಗಿ. ಕೊನೆಗೆ 25 ಮೈಕ್ರಾನ್ ಮೆಶ್‌ನಲ್ಲಿ ಒಮ್ಮೆ ಓಡಿಸಿ. ಆಳ 5 ಶೇಕಡಕ್ಕಿಂತ ಹೆಚ್ಚು ಬದಲಾದರೆ 50 ಸಾಲದೆಂದೇ ಲೆಕ್ಕ.