ಹಳೆಯ ಕಾರಿಗೆ ತಿರುವಿನಲ್ಲಿ ಹಿಡಿತ: ಕಡಿಮೆ ಖರ್ಚಿನಲ್ಲಿ ಯಾವುದನ್ನು ಮೊದಲು ಮಾಡಬೇಕು?

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲೋ ಚಾರ್ಮಾಡಿ ಘಾಟಿಯಲ್ಲೋ ಹಳೆಯ ಕಾರನ್ನು ಇಳಿಸಿದವರಿಗೆ ಅದರ ಲಕ್ಷಣಗಳು ಚೆನ್ನಾಗಿ ಗೊತ್ತಿರುತ್ತವೆ. ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ತುಸು ತಡೆದು ತಿರುಗುತ್ತದೆ, ಬಾಡಿ ಹೊರಬದಿಗೆ ವಾಲುತ್ತದೆ, ತಿರುವಿನ ನಡುವೆ ಗುಂಡಿ ಸಿಕ್ಕರೆ ಹಿಂಬದಿ ಪಕ್ಕಕ್ಕೆ ಜಿಗಿಯುತ್ತದೆ. ಕಾರಿಗೆ ವಯಸ್ಸಾಯಿತೆಂದು ಕೆಲವರು ಸುಮ್ಮನಾಗುತ್ತಾರೆ. ಇನ್ನು ಕೆಲವರು ಅಗಲವಾದ ಅಲಾಯ್ ವೀಲ್, ತಗ್ಗಿಸಿದ ಸ್ಪ್ರಿಂಗ್ ಎಂದು ಹಣ ಸುರಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡೂ ತಪ್ಪು. ಹತ್ತು ಹದಿನೈದು ವರ್ಷ ಓಡಿದ ಕಾರಿನಲ್ಲಿ ಸವೆದ ಭಾಗಗಳನ್ನು ಸರಿಯಾದ ಕ್ರಮದಲ್ಲಿ ಬದಲಿಸಿದರೆ, ಅದು ಹೊಸದಾಗಿದ್ದಾಗ ಇದ್ದ ಹಿಡಿತದ ಬಹುಪಾಲು ಮರಳಿ ಬರುತ್ತದೆ.

2005ರಲ್ಲಿ ಭಾರತಕ್ಕೆ ಬಂದ ಮೊದಲ ತಲೆಮಾರಿನ ಮಾರುತಿ ಸ್ವಿಫ್ಟ್ ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇದರ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಜೋಡಣೆ), ಹಿಂದೆ ಟಾರ್ಷನ್ ಬೀಮ್ (ಹಿಂದಿನ ಎರಡು ಗಾಲಿಗಳನ್ನು ಸೇರಿಸುವ, ತುಸು ತಿರುಚಿಕೊಳ್ಳಬಲ್ಲ ತೊಲೆ) ಇದೆ. ನಮ್ಮ ರಸ್ತೆಗಳಲ್ಲಿರುವ ಸಣ್ಣ ಕಾರುಗಳಲ್ಲಿ ಬಹಳಷ್ಟು ಇದೇ ಬಗೆಯವಾದ್ದರಿಂದ, ಮುಂದೆ ಹೇಳುವ ವಿಷಯ ಅವುಗಳಿಗೂ ಅನ್ವಯಿಸುತ್ತದೆ.

ಮೊದಲು ನೋಡಬೇಕಾದದ್ದು ಟೈರು. ತಿರುವಿನಲ್ಲಿ ಕಾರನ್ನು ರಸ್ತೆಗೆ ಹಿಡಿದಿಡುವುದು ಅಂಗೈಯಷ್ಟು ಅಗಲದ ನಾಲ್ಕು ರಬ್ಬರ್ ತಾಣಗಳು ಮಾತ್ರ. ಬೇಕಾಗುವ ಅಡ್ಡಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ತಿರುಗುವ ಕಡೆ 50ರಲ್ಲಿ ತಿರುಗಿದರೆ ಟೈರಿನ ಮೇಲಿನ ಹೊರೆ ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳನ್ನು ಓದಿ: 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದ ಟೈರು. ಕಡಿಮೆ ಓಡಿಸುವ ಕಾರುಗಳಲ್ಲಿ ಗೀರು ಆಳವಾಗಿಯೇ ಉಳಿದಿದ್ದರೂ ರಬ್ಬರ್ ಗಡುಸಾಗಿ, ಮಳೆಯಲ್ಲಿ ಹಿಡಿತವೇ ಇಲ್ಲದಂತಾಗಿರುತ್ತದೆ. ಗೀರಿನ ಆಳ 1.6 ಮಿ.ಮೀ.ಗೆ ಇಳಿದರೆ ಟೈರಿನ ಆಯುಷ್ಯ ಮುಗಿಯಿತು ಎನ್ನುವುದು ನಿಯಮ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಓಡಾಡುವವರು ಅಲ್ಲಿಯವರೆಗೆ ಕಾಯಬಾರದು.

ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಒಳಗಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 1.5 ಪಿಎಸ್‌ಐ ಏರುವುದರಿಂದ, ದೂರ ಓಡಿಸಿ ಬಂದು ಪೆಟ್ರೋಲ್ ಬಂಕಿನಲ್ಲಿ ನೋಡಿದ ಅಂಕಿ ದಾರಿ ತಪ್ಪಿಸುತ್ತದೆ. ಸ್ವಂತದ್ದೊಂದು ಗೇಜ್ ಇಟ್ಟುಕೊಂಡು, ಕಂಪನಿ ಹೇಳಿದ ಅಂಕಿಯನ್ನೇ ಪಾಲಿಸಿ. ಎರಡೇ ಟೈರು ಕೊಳ್ಳುವಷ್ಟು ಹಣವಿದ್ದರೆ ಹೊಸದನ್ನು ಹಿಂದಿನ ಗಾಲಿಗಳಿಗೆ ಹಾಕಿಸಬೇಕು, ಏಕೆಂದರೆ ಒದ್ದೆ ತಿರುವಿನಲ್ಲಿ ಮುಂಭಾಗ ಜಾರಿದರೆ ವೇಗ ತಗ್ಗಿಸಿ ಸರಿಪಡಿಸಿಕೊಳ್ಳಬಹುದು, ಹಿಂಭಾಗ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ.

ಅಗಲವಾದ ಟೈರು ಬೇಕೇ ಎನ್ನುವ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಸ್ವಿಫ್ಟ್‌ನ ಕೆಳ ಹಂತದ ಮಾದರಿಗಳಿಗೆ 165/80 ಆರ್14 (ಅಗಲ 165 ಮಿ.ಮೀ., ಪಕ್ಕದ ಎತ್ತರ ಆ ಅಗಲದ ಶೇ. 80, ರಿಮ್ 14 ಇಂಚು), ಮೇಲಿನ ಮಾದರಿಗೆ 185/70 ಆರ್14 ಟೈರನ್ನು ಕಂಪನಿಯೇ ಕೊಟ್ಟಿತ್ತು. ಲೆಕ್ಕ ಹಾಕಿದರೆ ಎರಡರ ಒಟ್ಟು ವ್ಯಾಸದಲ್ಲಿ ಕೇವಲ 5 ಮಿ.ಮೀ. ವ್ಯತ್ಯಾಸವಿದೆ, ಆದ್ದರಿಂದ ಸ್ಪೀಡೋಮೀಟರ್ ಲೆಕ್ಕ ಕೆಡುವುದಿಲ್ಲ. ನಿಮ್ಮ ಕಾರಿನ ಮೇಲಿನ ಮಾದರಿಗೆ ಕಂಪನಿ ಕೊಟ್ಟ ಅಳತೆ ನಿಮ್ಮ ರಿಮ್ಮಿಗೆ ಹೊಂದುವುದಾದರೆ, ಟೈರು ಬದಲಿಸುವ ಕಾಲಕ್ಕೆ ಅದಕ್ಕೆ ಹೋಗಬಹುದು. ಅದಕ್ಕಿಂತ ಮುಂದೆ ಹೋಗುವುದು ಬೇಡ.

ಎರಡನೆಯದು ಬುಷ್‌ಗಳು. ಹೆಚ್ಚಿನವರು ಕಡೆಗಣಿಸುವುದು ಇದನ್ನೇ, ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಸಿಗುವುದೂ ಇಲ್ಲಿಯೇ. ಗಾಲಿಯನ್ನು ಹಿಡಿದಿರುವ ಲೋವರ್ ಆರ್ಮ್ ರಬ್ಬರ್ ಬುಷ್‌ಗಳ ಮೂಲಕ ಕಾರಿಗೆ ಸೇರಿಕೊಂಡಿರುತ್ತದೆ. ಆ ರಬ್ಬರ್ ಹರಿದಾಗ, ಬ್ರೇಕ್ ಹಾಕಿದೊಡನೆ ಅಥವಾ ತಿರುಗಿಸಿದೊಡನೆ ಗಾಲಿಯ ಕೋನವೇ ಬದಲಾಗುತ್ತದೆ. ನನ್ನ ಕಾರು ಬ್ರೇಕ್ ಹಾಕಿದಾಗ ಎಡಕ್ಕೆ ಎಳೆಯುತ್ತಿದ್ದುದಕ್ಕೆ ನಾನು ಒಂದೇ ವರ್ಷದಲ್ಲಿ ಮೂರು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆ. ಕೊನೆಗೆ ಊರಿನ ಹಳೆಯ ಮೆಕ್ಯಾನಿಕ್ ಒಬ್ಬರು ಆರ್ಮಿನ ಬಳಿ ರಾಡ್ ಕೊಟ್ಟು ಮೀಟಿ, ಹರಿದ ಬುಷ್ ಬಾಯಿ ಬಿಡುವುದನ್ನು ಕಣ್ಣಾರೆ ತೋರಿಸಿದರು. ಅದನ್ನು ಬದಲಿಸಿದ ದಿನವೇ ಎಳೆತ ನಿಂತಿತು.

ಜಾಯಿಂಟುಗಳ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಸಮತಟ್ಟಾದ ಜಾಗದಲ್ಲಿ ಮುಂದಿನ ಗಾಲಿಯನ್ನು ಎತ್ತಿ, ಕಾರಿಗೆ ಗಟ್ಟಿಯಾದ ಸ್ಟ್ಯಾಂಡ್ ಕೊಡಿ. ಸ್ಟೆಪ್ನಿ ಹಾಕುವ ಜಾಕ್ ಒಂದನ್ನೇ ನಂಬಿ ಎಂದಿಗೂ ಕಾರಿನ ಕೆಳಗೆ ಹೋಗಬೇಡಿ. ಗಾಲಿಯನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಾಡಿಸಿದಾಗ ಕಟಕಟ ಎಂದರೆ ಟೈ ರಾಡ್ ಎಂಡ್ (ಸ್ಟೀರಿಂಗನ್ನು ಗಾಲಿಗೆ ಜೋಡಿಸುವ ಕೀಲು) ಅಥವಾ ಸ್ಟೀರಿಂಗ್ ರ‍್ಯಾಕಿನ ಕಡೆ ಸವಕಳಿ ಇದೆ. 12 ಮತ್ತು 6ರ ಜಾಗದಲ್ಲಿ ಹಿಡಿದಾಗ ಸಡಿಲವಾಗಿ ಅಲುಗಿದರೆ ಬಾಲ್ ಜಾಯಿಂಟ್ (ಲೋವರ್ ಆರ್ಮನ್ನು ಗಾಲಿಯ ಕಡೆಗೆ ಸೇರಿಸುವ ಗುಂಡು ಕೀಲು) ಅಥವಾ ವೀಲ್ ಬೇರಿಂಗ್ ನೋಡಿಸಬೇಕು. ಸಣ್ಣ ಹಂಪಿನ ಮೇಲೆ ನಿಧಾನವಾಗಿ ಹೋಗುವಾಗ ಟಕಟಕ ಸದ್ದು ಬಂದರೆ ಮೊದಲು ಅನುಮಾನಿಸಬೇಕಾದದ್ದು ಸ್ಟೆಬಿಲೈಸರ್ ಬಾರಿನ ಲಿಂಕ್ ಮತ್ತು ಬುಷ್‌ಗಳನ್ನು. ಬಾಡಿ ವಾಲದಂತೆ ತಡೆಯುವುದು ಆ ಬಾರ್. ಅದರ ಲಿಂಕ್ ಸಡಿಲವಾದರೆ ಬಾರ್ ಇದ್ದರೂ ಪ್ರಯೋಜನ ಕಡಿಮೆ.

ಬುಷ್ ಹಾಕಿಸುವಾಗ ಮೆಕ್ಯಾನಿಕ್‌ಗೆ ಒಂದು ಮಾತು ತಪ್ಪದೆ ಹೇಳಬೇಕು. ಲೋವರ್ ಆರ್ಮಿನ ಬೋಲ್ಟುಗಳನ್ನು ಕಾರು ಲಿಫ್ಟಿನ ಮೇಲೆ, ಗಾಲಿಗಳು ನೇತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಕಾರಿನ ಭಾರ ಗಾಲಿಗಳ ಮೇಲೆ ಕೂತ ನಂತರವೇ ಕೊನೆಯ ಬಿಗಿ ಕೊಡಬೇಕು. ಇಲ್ಲವಾದರೆ ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡ ಸ್ಥಿತಿಯಲ್ಲೇ ಉಳಿದು, ಹೊಸ ಬುಷ್ ಬಹುಬೇಗ ಹರಿಯುತ್ತದೆ. ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾನಾ ಬೆಲೆಗೆ ಸಿಗುತ್ತವೆ. ಆದರೆ ಬುಷ್ ಮತ್ತು ಬಾಲ್ ಜಾಯಿಂಟ್‌ಗಳಲ್ಲಿ ನಕಲಿ ಮಾಲು ಕೊಂಡು ಉಳಿಸುವ ಹಣ ಉಳಿತಾಯವಲ್ಲ.

ಮೂರನೆಯದು ಶಾಕ್ ಅಬ್ಸಾರ್ಬರ್. ಕಾರಿನ ಮೂಲೆಯನ್ನು ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಪದ್ಧತಿಯಿಂದ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಅರ್ಧ ಸವೆದದ್ದು ಪಾಸಾಗಿಬಿಡುತ್ತದೆ. ಮೈಮೇಲೆ ಎಣ್ಣೆ ಒಸರಿದ ಗುರುತು, ಟೈರಿನಲ್ಲಿ ಅಲ್ಲಲ್ಲಿ ತಗ್ಗುಬಿದ್ದ ಸವಕಳಿ, ಗುಂಡಿ ದಾಟಿದ ಮೇಲೂ ನಿಲ್ಲದ ತೂಗಾಟ ಇವು ಹೆಚ್ಚು ನಂಬಬಹುದಾದ ಸೂಚನೆಗಳು. ಬದಲಿಸುವುದಾದರೆ ಮುಂದಿನ ಎರಡನ್ನು ಅಥವಾ ಹಿಂದಿನ ಎರಡನ್ನು ಜೋಡಿಯಾಗಿಯೇ ಬದಲಿಸಬೇಕು. ಮುಂದಿನದನ್ನು ಬಿಚ್ಚಿದಾಗ ಸ್ಟ್ರಟ್ಟಿನ ಮೇಲಿನ ತುದಿಯನ್ನು ಬಾಡಿಗೆ ಹಿಡಿಸುವ ಸ್ಟ್ರಟ್ ಮೌಂಟನ್ನೂ ನೋಡಿಸಿ. ಅದಕ್ಕಾಗಿ ಇನ್ನೊಮ್ಮೆ ಕೂಲಿ ಕೊಡುವಂತಾಗಬಾರದು.

ಇಷ್ಟೆಲ್ಲ ಆದ ಮೇಲೆಯೇ ವೀಲ್ ಅಲೈನ್‌ಮೆಂಟ್. ಸಡಿಲ ಭಾಗಗಳನ್ನು ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಅಂಗಡಿಯಿಂದ ಹೊರಗೆ ಬರುವಷ್ಟರಲ್ಲಿ ಕೆಟ್ಟಿರುತ್ತದೆ. ಮೊದಲಿನ ಮತ್ತು ನಂತರದ ಅಂಕಿಗಳಿರುವ ಮುದ್ರಿತ ಹಾಳೆಯನ್ನು ಕೇಳಿ ಪಡೆಯಿರಿ. ಟೋ (ಮೇಲಿನಿಂದ ನೋಡಿದಾಗ ಗಾಲಿಯ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಅಂಕಿ ಕಂಪನಿಯ ಮಿತಿಯೊಳಗೆ ಇದೆಯೇ, ಎಡಬಲಗಳಲ್ಲಿ ಸಮನಾಗಿದೆಯೇ ಎಂದು ನೋಡಿ. ಟಾರ್ಷನ್ ಬೀಮ್ ಇರುವ ಕಾರಿನಲ್ಲಿ ಹಿಂದಿನ ಕೋನಗಳನ್ನು ಸಾಮಾನ್ಯವಾಗಿ ಹೊಂದಿಸಲು ಬರುವುದಿಲ್ಲ. ಅಲ್ಲಿ ಅಂಕಿ ತಪ್ಪಿದ್ದರೆ ಬೀಮ್ ಬಾಗಿದೆಯೇ, ಅದರ ಬುಷ್ ಹೋಗಿದೆಯೇ ಎಂದು ಪರೀಕ್ಷಿಸಬೇಕು.

ಕಾರು ತಗ್ಗಲಿ ಎಂದು ಸ್ಪ್ರಿಂಗ್ ಕತ್ತರಿಸುವ ಕೆಲಸವನ್ನು ಮಾತ್ರ ಯಾರೂ ಮಾಡಬಾರದು. ಕತ್ತರಿಸಿದ ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ; ಶಾಕ್ ಚಲಿಸುವ ಜಾಗ ಕಡಿಮೆಯಾಗಿ, ತಿರುವಿನ ನಡುವೆ ಗುಂಡಿ ಬಂದಾಗ ಸಸ್ಪೆನ್ಷನ್ ತಳಕ್ಕೆ ಬಡಿದು ಹಿಡಿತ ಒಮ್ಮೆಲೇ ತಪ್ಪುತ್ತದೆ. ಗಾಲಿಯನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಬೇರಿಂಗಿನ ಮೇಲೆ ಹೊರೆ ಹಾಕುತ್ತದೆ. ಕಾನೂನೂ ಇದನ್ನು ಒಪ್ಪುವುದಿಲ್ಲ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸುವಾಗಲೂ ಇಂಥ ಬದಲಾವಣೆ ತೊಡಕಾಗುತ್ತದೆ.

ಕೆಲಸ ಮುಗಿದ ಮೇಲೆ ಡಿಕ್ಕಿಯಲ್ಲಿ ವರ್ಷಗಳಿಂದ ಬಿದ್ದಿರುವ ಭಾರವನ್ನು ಇಳಿಸಿ, ಪರಿಚಿತ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿ. ಬ್ರೇಕನ್ನು ತಿರುವಿಗೆ ಮೊದಲೇ ಮುಗಿಸಿ, ತಿರುವಿನೊಳಗೆ ಆಕ್ಸಿಲರೇಟರನ್ನು ಒಂದೇ ಸಮನೆ ಹಿಡಿಯಿರಿ. ನಡುವೆ ಥಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ಹರಿದು ಹಿಂಬದಿ ಹಗುರಾಗುತ್ತದೆ. ಸುಮಾರು 1,000 ಕಿ.ಮೀ. ಓಡಿದ ನಂತರ ಮುಂದಿನ ಟೈರುಗಳ ಮೇಲೆ ಅಂಗೈಯನ್ನು ಅಡ್ಡಲಾಗಿ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ ನೋಡಿ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದಂತೆ ತಗುಲಿದರೆ ಟೋ ಇನ್ನೂ ಸರಿಯಾಗಿಲ್ಲ ಎಂದರ್ಥ. ಆಗ ಅದೇ ಮುದ್ರಿತ ಹಾಳೆಯನ್ನು ಹಿಡಿದು ಅಲೈನ್‌ಮೆಂಟ್ ಅಂಗಡಿಗೆ ಮತ್ತೊಮ್ಮೆ ಹೋಗಿ.