ರೀಚ್ ಫಾರ್ ದ ಸ್ಟಾರ್ಸ್ ಕಲಿಸೋಕೆ ಟೊಮೇಟೊ ಮಂಡಿಗೆ ಹೋಗಿದ್ದು – ನನ್ನ ಅನುಭವ

ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸೋರಿಗೆಲ್ಲ ಈ ತಲೆನೋವು ಗೊತ್ತಿರೋದೇ. ಹುಡುಗ್ರಿಗೆ ಇಡಿಯಮ್‌ನ ಅರ್ಥ ಬಾಯಿಪಾಠ ಇರುತ್ತೆ, ಬಾಯಿ ಬಿಟ್ಟು ಬಳಸೋಕೆ ಹೋದ್ರೆ ಎಡವಟ್ಟು. ಅದರಲ್ಲೂ ಆಂಬಿಷನ್ ಬಗ್ಗೆ ಇರೋ ಮಾತುಗಳು. ರೀಚ್ ಫಾರ್ ದ ಸ್ಟಾರ್ಸ್, ಅಂದ್ರೆ ದೊಡ್ಡ ಗುರಿಗೆ ಕೈ ಚಾಚೋದು, ದ ಸ್ಕೈಸ್ ದ ಲಿಮಿಟ್, ಈ ಥರದ್ದು. ಕೋಲಾರದಲ್ಲಿ ಏಳೆಂಟು ವರ್ಷದಿಂದ ಕ್ಲಾಸ್ ನಡೆಸ್ತಿದೀನಿ, ಈಗಿನ ಬ್ಯಾಚಲ್ಲಿ ಯಾರನ್ನ ಎಬ್ಬಿಸಿ ಕೇಳಿದ್ರೂ ಇವನ್ನ ಸರಿಯಾದ ಜಾಗದಲ್ಲಿ ಹಾಕ್ತಾರೆ, ಇದು ಆಗಲ್ಲ ಅಂದೋರು ತುಂಬಾ ಜನ ಇದ್ರು, ಅದಕ್ಕೇ ಬರೀತಿದೀನಿ.

ಮೊದಮೊದಲು ಎಲ್ಲರೂ ಮಾಡೋದನ್ನೇ ಮಾಡಿಸ್ದೆ. ಐನೂರು ಇಡಿಯಮ್ ಲಿಸ್ಟ್, ಎದುರಿಗೆ ಕನ್ನಡ ಅರ್ಥ, ಝೆರಾಕ್ಸ್‌ಗೇ ನಾಲ್ಕೈದು ಸಾವಿರ ಹೋಯ್ತು. ಆಮೇಲೆ ಬೆಂಗಳೂರಲ್ಲಿ ಕಲರ್ ಕಾರ್ಡ್ ಪ್ರಿಂಟ್ ಹಾಕಿಸ್ದೆ, ಒಂಬತ್ತು ಸಾವಿರದ ಹತ್ರ ಬಿತ್ತು, ಒಂದು ಕಡೆ ನಕ್ಷತ್ರದ ಚಿತ್ರ ಇನ್ನೊಂದು ಕಡೆ ಅರ್ಥ. ಚಿತ್ರ ನೆನಪಿತ್ತು, ವಾಕ್ಯ ಬರ್ಲಿಲ್ಲ. ಆ ಕಾರ್ಡ್‌ಗಳು ಇನ್ನೂ ಅಟ್ಟದ ಮೇಲಿವೆ. ರೂಮ್ ಬಾಡಿಗೆನೇ ಆರೇಳು ಸಾವಿರ ಇದ್ದ ಕಾಲದಲ್ಲಿ ಅದು ದೊಡ್ಡ ದುಡ್ಡು.

ಏನಾಗ್ತಿತ್ತು ಅಂದ್ರೆ, ನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಕಂಪನಿಗೆ ಇಂಟರ್‌ವ್ಯೂಗೆ ಹೋಗೋ ಹುಡುಗ ಮಾಕ್ ಇಂಟರ್‌ವ್ಯೂನಲ್ಲಿ "ಮೈ ಆಂಬಿಷನ್ ಈಸ್ ರೀಚ್ ದ ಸ್ಟಾರ್ಸ್ ಸಾರ್" ಅಂತಿದ್ದ. ಫಾರ್ ಬಿಟ್ಟ ತಕ್ಷಣ ನಿಜವಾಗ್ಲೂ ನಕ್ಷತ್ರಕ್ಕೆ ಹೋಗಿ ತಲುಪೋ ಮಾತಾಗುತ್ತೆ. ಫಾರ್ ಇದ್ರೆ ಮಾತ್ರ ಕೈ ಚಾಚೋದು, ಸಿಗುತ್ತೋ ಇಲ್ವೋ ಆಮೇಲಿನ ಮಾತು. ಗ್ರಾಮರ್ ಅನ್ನೋದು ತಿದ್ದಬಹುದು, ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಈ ಮಾತನ್ನ ಮೇಷ್ಟ್ರು ಮಕ್ಕಳಿಗೆ ಹೇಳ್ತಾರೆ, ಅಪ್ಪ ಮಗಳಿಗೆ ಹೇಳ್ತಾನೆ, ಸಾಧಿಸಿದವರ ಬಗ್ಗೆ ಬೇರೆಯವರು ಹೇಳ್ತಾರೆ. ಕೆಲಸ ಕೇಳ್ಕೊಂಡು ಹೋದೋನು ತನ್ನ ಬಗ್ಗೆ ತಾನೇ ಹೇಳ್ಕೊಂಡ್ರೆ ಎದುರಿಗೆ ಕೂತೋರಿಗೆ ಅದು ಗಾಳಿಮಾತು, ಇವನಿಗೆ ಏನು ಬೇಕು ಅನ್ನೋದೇ ಗೊತ್ತಾಗಲ್ಲ.

ಅಲ್ಲಿಂದ ಅರ್ಥ ಬರೆಸೋದನ್ನೇ ನಿಲ್ಲಿಸ್ದೆ. ಒಂದೊಂದು ಮಾತಿಗೂ ನೋಟ್‌ಬುಕ್ಕಲ್ಲಿ ಒಂದು ಪುಟ, ಇದನ್ನ ಯಾರು ಯಾರಿಗೆ ಹೇಳ್ತಾರೆ, ಪಕ್ಕದಲ್ಲಿ ಯಾವ ಪದ ಇರಲೇಬೇಕು, ಎಲ್ಲಿ ಹೇಳಿದ್ರೆ ಕೆಡುತ್ತೆ, ಇಷ್ಟೇ. ಈ ಪುಟ ತುಂಬಿಸೋಕೆ ಕೂತಲ್ಲೇ ಆಗ್ತಿರಲಿಲ್ಲ, ಅದಕ್ಕೆ ಬ್ಯಾಚನ್ನ ಬೆಳಿಗ್ಗೆ ಎಪಿಎಂಸಿ ಟೊಮೇಟೊ ಮಂಡಿಗೆ ಕರ್ಕೊಂಡು ಹೋಗೋಕೆ ಶುರು ಮಾಡ್ದೆ. ನಮ್ಮ ಕ್ಲಾಸಲ್ಲಿ ಅರ್ಧಕ್ಕರ್ಧ ಶ್ರೀನಿವಾಸಪುರ, ಮುಳಬಾಗಿಲು ಕಡೆ ಟೊಮೇಟೊ ಬೆಳೆಯೋ ಮನೆಯೋರೇ. ಒಬ್ಬ ತಂದೆ ಬಂದು, "ಟೊಮೇಟೊ ಸಹವಾಸ ಬೇಡ ಅಂತಾನೇ ಮೇಡಂ ನಿಮ್ಮ ಹತ್ರ ಕಳ್ಸಿದ್ದು, ನೀವು ತಿರ್ಗ ಮಂಡಿಗೇ ಕರ್ಕೊಂಡು ಹೋಗ್ತೀರಲ್ಲ" ಅಂತ ಬೇಜಾರು ಮಾಡ್ಕೊಂಡ್ರು. ಬೇರೆ ಕ್ಲಾಸ್ ನಡೆಸೋ ಒಬ್ಬರು ಎರಡೇ ತಿಂಗಳಲ್ಲಿ ಬೋರ್ಡ್ ಇಳಿಸ್ತಾಳೆ ನೋಡ್ತಿರಿ ಅಂದಿದ್ದು ನನ್ನ ಕಿವಿಗೂ ಬಿತ್ತು.

ಮಂಡಿಯಲ್ಲಿ ಬಾಕ್ಸ್ ಜೋಡಿಸಿಟ್ಟಿರ್ತಾರೆ, ಹರಾಜು ಕೂಗ್ತಾ ಹೋಗ್ತಾರೆ, ಹಿಂದೆ ವ್ಯಾಪಾರಿಗಳ ಗುಂಪು. ಅಲ್ಲೇ ನಿಂತು ಕೇಳ್ದೆ, 2023ರ ಜುಲೈನಲ್ಲಿ ಏನಾಯ್ತು? ಎಲ್ಲರಿಗೂ ಗೊತ್ತು, 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು, ನಾಳೆ ಎಷ್ಟಕ್ಕೆ ಹೋಗುತ್ತೆ ಅಂತ ಯಾರಿಗೂ ಹೇಳೋಕಾಗ್ತಿರಲಿಲ್ಲ. ಅದಕ್ಕೇ ಹೇಳೋದು ದ ಸ್ಕೈಸ್ ದ ಲಿಮಿಟ್ ಅಂತ. ರೇಟಿಗೆ, ಖರ್ಚಿಗೆ, ಅವಕಾಶಕ್ಕೆ ಮೇಲೆ ಗೆರೆ ಇಲ್ಲ ಅಂದಾಗ. "ಐ ಆಮ್ ಸ್ಕೈ ಈಸ್ ದ ಲಿಮಿಟ್" ಅಂತ ಮನುಷ್ಯನಿಗೆ ಅಂಟಿಸೋ ಹಾಗಿಲ್ಲ, ಮೊದಲಿನ ದ ಬಿಡೋ ಹಾಗೂ ಇಲ್ಲ. ಅದೇ ರೇಟು ಬಿದ್ದು ಬಾಕ್ಸು ನೂರಿನ್ನೂರಕ್ಕೆ ಇಳಿದಾಗ ಒಬ್ಬ ಬಂದು ನನಗೆ ಎರಡು ಸಾವಿರನೇ ಬೇಕು ಅಂತ ಪಟ್ಟು ಹಿಡಿದ್ರೆ? ಹೀ ಈಸ್ ಆಸ್ಕಿಂಗ್ ಫಾರ್ ದ ಮೂನ್. ಆಗದೇ ಇರೋದನ್ನ ಕೇಳೋದು, ಸ್ವಲ್ಪ ಬೈಗುಳದ ಧಾಟಿ ಇದೆ ಅದರಲ್ಲಿ. ಆವತ್ತು ಬಸ್ಸಲ್ಲಿ ವಾಪಸ್ ಬರೋವಾಗ ಮುಳಬಾಗಿಲಿನ ಹುಡುಗಿ ಒಬ್ಬಳು, ಎರಡು ಲಕ್ಷದ ಬೈಕ್ ಬೇಕು ಅಂತ ಹಠ ಹಿಡಿದಿರೋ ತಮ್ಮನ ಬಗ್ಗೆ ಇದೇ ಮಾತು ತಾನಾಗೇ ಹೇಳಿದ್ಲು. ನಾನು ಕೇಳಿರಲಿಲ್ಲ, ಅವಳೇ ಹೇಳಿದ್ದು! ಲಿಸ್ಟಿಂದ ಒಬ್ಬರಿಗೂ ಹಾಗೆ ಬಂದಿದ್ದು ನೋಡಿಲ್ಲ.

ಎಸ್ಎಸ್‌ಸಿ, ಅಂದ್ರೆ ಕೇಂದ್ರ ಸರ್ಕಾರದ ಕೆಲಸಕ್ಕಿರೋ ಪರೀಕ್ಷೆ ಬರೆಯೋರಿಗೂ ಇದು ಕೆಲಸಕ್ಕೆ ಬಂತು. ಅದರಲ್ಲಿ ಡಿಗ್ರಿ ಆದೋರು ಬರೆಯೋ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷ್ 25 ಪ್ರಶ್ನೆ, 50 ಅಂಕ, ತಪ್ಪಾದ್ರೆ ಅರ್ಧ ಅಂಕ ಕಟ್. ನನ್ನ ಮಾಕ್ ಪೇಪರಲ್ಲಿ ಕ್ರೈ ಫಾರ್ ದ ಮೂನ್ ಕೊಟ್ರೆ, ಚಂದ್ರ ಕಂಡ ತಕ್ಷಣ ದೊಡ್ಡ ಗುರಿ ಅಂತ ಟಿಕ್ ಹಾಕಿ ಬರ್ತಿದ್ರು. ಶೂಟ್ ಫಾರ್ ದ ಮೂನ್ ಅಂದ್ರೆ ದೊಡ್ಡ ಗುರಿನೇ, ಕ್ರೈ ಅಂದ್ರೆ ಸಿಗದೇ ಇರೋದಕ್ಕೆ ಆಸೆಪಡೋದು, ಪ್ರಾಮಿಸ್ ಬಂದ್ರೆ ಈಡೇರಿಸೋಕಾಗದ ಭರವಸೆ, ಓವರ್ ದ ಮೂನ್ ಅಂದ್ರೆ ಆಂಬಿಷನ್ನೇ ಅಲ್ಲ, ಸಿಕ್ಕಾಪಟ್ಟೆ ಖುಷಿ. ಚಂದ್ರನ್ನ ಬಿಟ್ಟು ಮುಂದಿರೋ ಪದ ನೋಡಿ ಅಂತ ಹೇಳಿ ಹೇಳಿ ರೂಢಿ ಮಾಡಿಸ್ದೆ.

ಮಧ್ಯೆ ಒಂದು ಸೀಸನ್ ಪೂರ್ತಿ ಇಂಗ್ಲಿಷ್ ಕ್ರಿಕೆಟ್ ಕಾಮೆಂಟರಿ ಕೇಳಿಸಿ ನೋಡ್ದೆ. ಹುಡುಗ್ರು ಖುಷಿಯಾಗಿ ಕೇಳಿದ್ರು, ಆದ್ರೆ ಮ್ಯಾಚ್ ಜೋರಾದ್ರೆ ಇಂಗ್ಲಿಷ್ ಮರೆತೇಹೋಗೋದು, ಬಿಟ್ಟೆ. ದಿನಾ ಬೆಳಿಗ್ಗೆ ವಾಟ್ಸಾಪಲ್ಲಿ ಒಂದು ತಪ್ಪು ವಾಕ್ಯ ವಾಯ್ಸ್ ನೋಟ್ ಕಳಿಸೋದು ಮಾತ್ರ ಇವತ್ತಿಗೂ ನಡೀತಿದೆ, ಬಿಟ್ಟಿ, ಫಲ ಜಾಸ್ತಿ. ಆ ತಪ್ಪುಗಳನ್ನ ಯಾವ ಕ್ರಮದಲ್ಲಿ ಕಳಿಸ್ತೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ, ಅದು ಕೂಡಿಸೋಕೆ ವರ್ಷಗಳೇ ಹಿಡಿದಿವೆ.

ಹಾಗಾದ್ರೆ ಇಂಟರ್‌ವ್ಯೂನಲ್ಲಿ ತನ್ನ ಬಗ್ಗೆ ಏನು ಹೇಳ್ಬೇಕು? "ಐ ಹ್ಯಾವ್ ಸೆಟ್ ಮೈ ಸೈಟ್ಸ್ ಆನ್ ಬಿಕಮಿಂಗ್ ಎ ಲೈನ್ ಸೂಪರ್‌ವೈಸರ್." ಇಲ್ಲಿ ಗುರಿಗೆ ಹೆಸರಿದೆ, ಆನ್ ಆದ್ಮೇಲೆ ಬಿಕಮಿಂಗ್, ಟು ಬಿಕಮ್ ಅಲ್ಲ. ಬರೆಸಿದ್ರೆ ಎಲ್ಲರೂ ಮನೆ ಕಟ್ಟೋ ಸೈಟಿನ ಸ್ಪೆಲ್ಲಿಂಗ್ ಬರೀತಾರೆ, ಇದು ಬಂದೂಕಲ್ಲಿ ಗುರಿ ನೋಡೋ ಸೈಟು, ಒಳಗೆ ಜಿ ಎಚ್ ಇದೆ. ಇದೊಂದು ವಾಕ್ಯದ ಮೇಲೇ ವಾರಗಟ್ಟಲೆ ಕೂತಿದೀವಿ, ಪ್ರತಿಯೊಬ್ಬರಿಗೂ ಅವರವರದ್ದೇ ಹುದ್ದೆ ಹಾಕಿ.

ಹೋದ ಬ್ಯಾಚಲ್ಲಿ ಮೂವತ್ತರ ಆಸುಪಾಸು ಜನ, ಇಂಟರ್‌ವ್ಯೂಗೆ ಹೋದೋರಲ್ಲಿ ಅರ್ಧಕ್ಕಿಂತ ಜಾಸ್ತಿ ಎರಡನೇ ರೌಂಡ್ ದಾಟಿದ್ರು. ಫೀಸು ಸಾವಿರದ ಐನೂರಿಂದ ಎರಡೂವರೆ ಸಾವಿರಕ್ಕೆ ಏರಿಸಿದೀನಿ, ಯಾರೂ ಚೌಕಾಸಿ ಮಾಡಿಲ್ಲ. ಬೇಜಾರು ಮಾಡ್ಕೊಂಡಿದ್ದ ಆ ತಂದೆ ಈಗ ಎರಡನೇ ಮಗನ್ನೂ ಸೇರಿಸಿದಾರೆ.

ಮುಂದಿನ ತಿಂಗಳು ಶೂಟ್ ಫಾರ್ ಒಂದನ್ನೇ ಹಿಡ್ಕೊಂಡು ಕೂರೋ ಪ್ಲಾನ್ ಇದೆ. ಮೂನ್ ಇಲ್ದೇನೂ ಅದು ನಡೆಯುತ್ತೆ, "ವಿ ಆರ್ ಶೂಟಿಂಗ್ ಫಾರ್ ಫ್ರೈಡೇ" ಅಂತ ಆಫೀಸಲ್ಲಿ ಡೆಡ್‌ಲೈನಿಗೂ ಹೇಳ್ತಾರೆ, ಕೆಲಸಕ್ಕೆ ಸೇರಿದ ಹುಡುಗ್ರು ಅದು ಅರ್ಥ ಆಗ್ಲಿಲ್ಲ ಅಂತ ಫೋನ್ ಮಾಡಿದ್ರು. ಮಂಡಿಯಲ್ಲೇ ಕಲಿಸ್ಬೇಕೋ ಬಸ್ ಸ್ಟ್ಯಾಂಡಲ್ಲೋ ನೋಡ್ಬೇಕು.